ಕ್ಯಾರಿಬೂಗೆ ಕಾಡಿನಲ್ಲೇ ಬಾಣಂತನ

ಕೆನಡಾದಿಂದ ರಜೆಗೆ ಬಂದ ನೆಂಟರ ಜೇಬಿನಲ್ಲಿ ಉಳಿದ ಚಿಲ್ಲರೆಯನ್ನು ಯಾರಾದರೂ ನೋಡಿದ್ದರೆ, ಅದರಲ್ಲಿ ಬೆಳ್ಳಿ ಬಣ್ಣದ 25 ಸೆಂಟಿನ ನಾಣ್ಯ ಕಣ್ಣಿಗೆ ಬಿದ್ದಿರಬಹುದು. ಒಂದು ಬದಿಯಲ್ಲಿ ರಾಣಿಯ ಮುಖ, ಈಚಿನವುಗಳಲ್ಲಿ ರಾಜನ ಮುಖ. ಇನ್ನೊಂದು ಬದಿಯಲ್ಲಿ ಕವಲು ಕವಲಾದ ಕೊಂಬು ಹೊತ್ತ ಪ್ರಾಣಿಯೊಂದರ ತಲೆ. ನಮ್ಮವರು ಅದನ್ನು ಜಿಂಕೆ ಎಂದೋ ಕಡವೆ ಎಂದೋ ತಿಳಿಯುವುದುಂಟು. ಅದು ಕ್ಯಾರಿಬೂ. 1937ರಿಂದ ಆ ನಾಣ್ಯದ ಮೇಲೆ ನೆಲೆ ನಿಂತಿದೆ.

ನಾಣ್ಯವೇನೋ ಇಂದಿಗೂ ಕೆನಡಾದ ಅಂಗಡಿಗಳಲ್ಲಿ ಕೈಯಿಂದ ಕೈಗೆ ಓಡಾಡುತ್ತಿದೆ. ಆದರೆ ನಾಣ್ಯದ ಮೇಲಿನ ಪ್ರಾಣಿ ಕಾಡಿನಿಂದ ಒಂದೊಂದೇ ಹಿಂಡಾಗಿ ಕಣ್ಮರೆಯಾಗುತ್ತಿದೆ. ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದಲ್ಲಿ ಕೊನೆಗೆ ಉಳಿದಿದ್ದ ಐದು ಕ್ಯಾರಿಬೂಗಳು 2009ರಲ್ಲಿ ಒಂದೇ ಹಿಮಕುಸಿತಕ್ಕೆ ಸಿಕ್ಕಿ ಸತ್ತವು. ಅಮೆರಿಕದ ಗಡಿಯ ಆಚೀಚೆ ಓಡಾಡುತ್ತಿದ್ದ ದಕ್ಷಿಣ ಸೆಲ್ಕರ್ಕ್ ಹಿಂಡಿನಲ್ಲಿ 2018ರ ಹೊತ್ತಿಗೆ ಮೂರು ಹೆಣ್ಣುಗಳಷ್ಟೇ ಇದ್ದವು. 2019ರ ಜನವರಿಯಲ್ಲಿ ಆ ಹಿಂಡಿನ ಕೊನೆಯ ಹೆಣ್ಣನ್ನು ಹಿಡಿದು ಉತ್ತರಕ್ಕೆ ಸಾಗಿಸಲಾಯಿತು. ಅಲಾಸ್ಕ ಒಂದನ್ನು ಬಿಟ್ಟರೆ ಅಮೆರಿಕದ ನೆಲದಲ್ಲಿ ಕ್ಯಾರಿಬೂವಿನ ಕತೆ ಅಲ್ಲಿಗೆ ಮುಗಿಯಿತು.

ಮುಗಿಯುತ್ತ ಬಂದಿದ್ದ ಇನ್ನೊಂದು ಕತೆ ಮಾತ್ರ ನಡುವೆ ತಿರುವು ಪಡೆಯಿತು. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಈಶಾನ್ಯ ಭಾಗದ ಬೆಟ್ಟಗಳಲ್ಲಿ ಕ್ಲಿನ್ಸೆ-ಝಾ ಎಂಬ ಹಿಂಡು 2013ರಲ್ಲಿ 38ಕ್ಕೆ ಇಳಿದಿತ್ತು. 2022ರಲ್ಲಿ ಅದು 114ಕ್ಕೆ ಏರಿತು. ಆ ಪ್ರಾಣಿಯನ್ನು ತಲೆಮಾರುಗಳಿಂದ ಬೇಟೆಯಾಡಿ ಬದುಕಿದ್ದ ಜನರೇ ಅದಕ್ಕೆ ಬಾಣಂತನ ಮಾಡಿದರು.

ಹಿಮ ಕೆರೆದು ಮೇಯುವುದು

ಕ್ರಿಸ್‌ಮಸ್ ಕಾರ್ಡುಗಳಲ್ಲಿ ಸಾಂತಾಕ್ಲಾಸನ ಗಾಡಿ ಎಳೆಯುವ ಹಿಮಸಾರಂಗ ಎಲ್ಲರಿಗೂ ಗೊತ್ತು. ಕ್ಯಾರಿಬೂ ಬೇರೆಯಲ್ಲ, ಹಿಮಸಾರಂಗ ಬೇರೆಯಲ್ಲ. ಜೀವಿವಿಜ್ಞಾನದ ಲೆಕ್ಕದಲ್ಲಿ ಎರಡೂ ಒಂದೇ ಜಾತಿ. ಯುರೋಪ್ ಮತ್ತು ಏಷ್ಯಾದ ಉತ್ತರದಲ್ಲಿ ಸಾಮಿ ಮುಂತಾದ ಜನ ಅದನ್ನು ಪಳಗಿಸಿ ದನದಂತೆ ಸಾಕಿಕೊಂಡರು. ಉತ್ತರ ಅಮೆರಿಕದಲ್ಲಿ ಅದು ಕಾಡುಪ್ರಾಣಿಯಾಗಿಯೇ ಉಳಿಯಿತು. ಕ್ಯಾರಿಬೂ ಎಂಬ ಹೆಸರು ಪೂರ್ವ ಕೆನಡಾದ ಮಿಕ್ಮಾಕ್ ಜನರ ಮಾತಿನಿಂದ ಫ್ರೆಂಚರ ಬಾಯಿಗೆ ಬಂದು, ಅಲ್ಲಿಂದ ಇಂಗ್ಲಿಷಿಗೆ ಇಳಿದದ್ದು. ‘ಹಿಮ ಕೆರೆಯುವುದು’ ಎಂಬುದು ಅದರ ಅರ್ಥ.

ಹೆಸರಿಗೆ ತಕ್ಕ ಮೈಕಟ್ಟು. ಗೊರಸು ಅಗಲ, ಹಿಮದಲ್ಲಿ ಹೂತುಕೊಳ್ಳುವುದಿಲ್ಲ. ಬೇಸಿಗೆಯಲ್ಲಿ ಮೆತ್ತಗೆ ಹರಡಿಕೊಂಡ ಪಾದದ ಅಡಿ ಚಳಿಗಾಲ ಬಂದೊಡನೆ ಒಳಗೆ ಸರಿಯುತ್ತದೆ. ಆಗ ಗೊರಸಿನ ಅಂಚು ಹಾರೆಯ ಬಾಯಂತೆ ಮೇಲೆದ್ದು ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುತ್ತದೆ, ಹಿಮವನ್ನು ಅಗೆಯುತ್ತದೆ. ನಡೆಯುವಾಗ ಪಾದದ ಸ್ನಾಯುರಜ್ಜು ಮೂಳೆಯ ಮೇಲೆ ಜಾರಿ ಟಿಕ್ ಟಿಕ್ ಎಂದು ಸದ್ದಾಗುತ್ತದೆ. ಜಿಂಕೆಯ ಬಳಗದಲ್ಲೆಲ್ಲ ಹೆಣ್ಣಿಗೂ ಕೊಂಬು ಮೂಡುವುದು ಇದೊಂದರಲ್ಲೇ. ಗಂಡು ಚಳಿಗಾಲದ ಮೊದಲಿಗೇ ಕೊಂಬು ಉದುರಿಸಿಕೊಳ್ಳುತ್ತದೆ. ಗಬ್ಬದ ಹೆಣ್ಣು ಮರಿ ಈಯುವವರೆಗೂ ಇಟ್ಟುಕೊಂಡಿರುತ್ತದೆ. ಹಿಮ ಅಗೆದು ಕಂಡುಕೊಂಡ ಮೇವಿನಿಂದ ಬೇರೆಯವನ್ನು ಓಡಿಸಲು ಅದಕ್ಕೆ ಆ ಕೊಂಬು ಬೇಕು.

ಹಿಮದ ಅಡಿಯಲ್ಲಿ ಸಿಗುವ ಮೇವಾದರೂ ಏನು? ಅದು ನಮ್ಮ ಅಡುಗೆಮನೆಗೆ ಹೊಸದಲ್ಲ. ಮಸಾಲೆಗೆ ಹಾಕುವ ಕಲ್ಲುಹೂವು ಇದೆಯಲ್ಲ, ಅದರ ಬಳಗದ್ದೇ. ಹೂವೆಂದು ಹೆಸರಾದರೂ ಅದು ಹೂವಲ್ಲ, ಗಿಡವೂ ಅಲ್ಲ. ಶಿಲೀಂಧ್ರ ಮತ್ತು ಪಾಚಿ ಕೂಡಿ ಸಂಸಾರ ಹೂಡಿದ ಜೀವ. ಬೇರಿಲ್ಲ, ಗಾಳಿಯ ತೇವವೇ ಅದರ ನೀರು. ಬೇರೆ ಪ್ರಾಣಿಗಳಿಗೆ ಅದರಿಂದ ಹೊಟ್ಟೆ ತುಂಬದು. ಕ್ಯಾರಿಬೂ ಮಾತ್ರ ಅದನ್ನೇ ಅರಗಿಸಿಕೊಂಡು ಉದ್ದನೆಯ ಚಳಿಗಾಲವನ್ನು ಕಳೆಯಬಲ್ಲದು. ಹಿಮ ಕಡಿಮೆ ನಿಲ್ಲುವ ಗಾಳಿಬೀಸುವ ದಿಣ್ಣೆಗಳಲ್ಲಿ ಅದು ನೆಲದ ಕಲ್ಲುಹೂವನ್ನು ಕೆರೆದು ತಿನ್ನುತ್ತದೆ. ಆಳುದ್ದ ಹಿಮ ಬೀಳುವ ಬೆಟ್ಟಗಳಲ್ಲಿ ಆ ಹಿಮವನ್ನೇ ಏಣಿ ಮಾಡಿಕೊಂಡು ಮುದಿ ಮರಗಳ ಕೊಂಬೆಯಿಂದ ಗಡ್ಡದಂತೆ ಇಳಿಬಿದ್ದ ಕಲ್ಲುಹೂವಿಗೆ ಬಾಯಿ ಹಾಕುತ್ತದೆ.

ಕತೆಯ ಗಂಟು ಇರುವುದು ಇಲ್ಲೇ. ಕಲ್ಲುಹೂವು ಬೆಳೆಯುವುದು ವರ್ಷಕ್ಕೆ ಕೆಲವೇ ಮಿಲಿಮೀಟರ್. ಕ್ಯಾರಿಬೂ ಬದುಕುವಷ್ಟು ಮೇವು ಕೂಡಬೇಕಾದರೆ ಕಾಡಿಗೆ ಹಲವು ದಶಕಗಳ, ಕೆಲವೆಡೆ ನೂರು ವರ್ಷಕ್ಕೂ ಮಿಕ್ಕಿದ ವಯಸ್ಸಾಗಿರಬೇಕು. ಹಳೆಯ ಕಾಡಿಲ್ಲದೆ ಕ್ಯಾರಿಬೂ ಇಲ್ಲ.

ತೋಳಕ್ಕೆ ದಾರಿ ತೋರಿಸಿದವರು

ಕ್ಯಾರಿಬೂ ಏಕೆ ಸಾಯುತ್ತಿದೆ ಎಂದು ಕೇಳಿದರೆ ತೋಳ ತಿನ್ನುತ್ತಿದೆ ಎಂಬ ಉತ್ತರ ಥಟ್ಟನೆ ಬರುತ್ತದೆ. ಉತ್ತರ ಸುಳ್ಳಲ್ಲ, ಅರ್ಧ ಮಾತ್ರ. ತೋಳ ಮತ್ತು ಕ್ಯಾರಿಬೂ ಸಾವಿರಾರು ವರ್ಷ ಒಂದೇ ನಾಡಿನಲ್ಲಿ ಬಾಳಿವೆ. ತೋಳದಿಂದ ಪಾರಾಗಲು ಕ್ಯಾರಿಬೂ ಕಂಡುಕೊಂಡ ಉಪಾಯ ಓಟವೊಂದೇ ಅಲ್ಲ, ದೂರವೂ ಹೌದು. ಮೂಸ್ ಎಂಬ ಕುದುರೆ ಗಾತ್ರದ ಜಿಂಕೆ ಎಳೆಯ ಪೊದೆಗಳಿರುವ ತಗ್ಗಿನಲ್ಲಿ ಮೇಯುತ್ತದೆ. ತೋಳಗಳು ಅದರ ಹಿಂದೆ ಇರುತ್ತವೆ. ಕ್ಯಾರಿಬೂ ಮೇವು ಬಡವಾದ ಎತ್ತರದ ಹಳೆಯ ಕಾಡಿನಲ್ಲಿ ಅಲ್ಲೊಂದು ಇಲ್ಲೊಂದಾಗಿ ಚದುರಿ ಬದುಕುತ್ತದೆ. ಅಷ್ಟು ದೂರ ಹತ್ತಿ ಹುಡುಕುವುದು ತೋಳಕ್ಕೆ ಗಿಟ್ಟುವ ಕೆಲಸವಲ್ಲ.

ಗರಗಸ ಈ ಲೆಕ್ಕವನ್ನು ಕೆಡಿಸಿತು. ಮರದ ಕಾರ್ಖಾನೆಗಳಿಗಾಗಿ ಹಳೆಯ ಕಾಡನ್ನು ಬೋಳು ಮಾಡಿದಲ್ಲಿ ಬಿಸಿಲು ಬಿದ್ದು ಹುಲ್ಲು, ಎಳೆಯ ಪೊದೆ ಎದ್ದವು. ಅದು ಮೂಸ್‌ಗೆ ಹಬ್ಬದೂಟ. ಅವಳಿ ಮರಿಗಳನ್ನೂ ಹಾಕಬಲ್ಲ ಮೂಸ್ ಬೇಗ ಹೆಚ್ಚಿತು. ಮೂಸ್ ಹೆಚ್ಚಿದಂತೆ ತೋಳವೂ ಹೆಚ್ಚಿತು. ಇನ್ನೊಂದೆಡೆ ತೈಲ, ಅನಿಲ, ಕಲ್ಲಿದ್ದಲು ಹುಡುಕುವವರು ಕಾಡಿನ ನಡುವೆ ದಾರ ಹಿಡಿದಂತೆ ನೇರ ಸೀಳುದಾರಿಗಳನ್ನು ಕಡಿದರು. ಪೊದೆಯಲ್ಲಿ ತೂರಿಕೊಂಡು ನಿಧಾನವಾಗಿ ಅಲೆಯುತ್ತಿದ್ದ ತೋಳಗಳಿಗೆ ಅದು ಹೆದ್ದಾರಿಯಾಯಿತು. ಮೂಸ್ ಬೇಟೆಗೆ ಹೊರಟ ತೋಳಕ್ಕೆ ಕ್ಯಾರಿಬೂ ದಾರಿಯಲ್ಲಿ ಸಿಕ್ಕ ತುತ್ತು.

ಕ್ಯಾರಿಬೂ ವರ್ಷಕ್ಕೆ ಒಂದೇ ಮರಿ ಈಯುತ್ತದೆ, ಅದೂ ಪ್ರತಿ ವರ್ಷ ಖಾತ್ರಿಯಿಲ್ಲ. ಮರಿ ಹುಟ್ಟಿದ ಮೊದಲ ವಾರಗಳಲ್ಲೇ ತೋಳ, ಕರಡಿ, ಹದ್ದುಗಳ ಪಾಲಾಗುವ ಸಂಭವ ಹೆಚ್ಚು. ದೊಡ್ಡ ಹಿಂಡಿಗೆ ಈ ನಷ್ಟ ತಡೆದುಕೊಳ್ಳುವಂಥದು. ಹಿಂಡು ನಲವತ್ತಕ್ಕೆ ಇಳಿದಾಗ ಒಂದೊಂದು ಮರಿಯೂ ಲೆಕ್ಕಕ್ಕೆ ಬರುತ್ತದೆ.

ಉತ್ತರ ಧ್ರುವದತ್ತ ಬಯಲಿನಲ್ಲಿ ಅಲೆಯುವ ಬೃಹತ್ ಹಿಂಡುಗಳ ಕತೆ ತುಸು ಬೇರೆ. ಅವು ದಶಕಗಳ ಅವಧಿಯಲ್ಲಿ ತಾವಾಗಿ ಏರಿ ಇಳಿಯುವುದುಂಟು. ಆದರೂ ಈಗಿನ ಇಳಿತ ಅಲ್ಲಿನವರನ್ನೂ ಕಂಗೆಡಿಸಿದೆ. ಬ್ಯಾಥರ್ಸ್ಟ್ ಹಿಂಡು 1986ರಲ್ಲಿ ಸುಮಾರು 4 ಲಕ್ಷ 70 ಸಾವಿರ ಇದ್ದದ್ದು 2021ರಲ್ಲಿ 6 ಸಾವಿರದ ಆಸುಪಾಸಿಗೆ ಬಂತು. ಲ್ಯಾಬ್ರಡಾರ್ ಕಡೆಯ ಜಾರ್ಜ್ ನದಿ ಹಿಂಡು 1990ರ ದಶಕದ ಮೊದಲಲ್ಲಿ 8 ಲಕ್ಷದ ಹತ್ತಿರವಿತ್ತು. 2018ರ ಎಣಿಕೆಯಲ್ಲಿ ಸಿಕ್ಕದ್ದು 5,500. ಗಣಿ, ರಸ್ತೆ, ಬದಲಾಗುತ್ತಿರುವ ಹವೆ ಎಲ್ಲವೂ ಅಲ್ಲಿ ಕೂಡಿಕೊಂಡಿವೆ. ಬೆಟ್ಟದ ಹಿಂಡುಗಳ ವಿಷಯದಲ್ಲಿ ಮಾತ್ರ ಅಂಥ ಗೊಂದಲ ಕಡಿಮೆ. ಅವುಗಳ ಮನೆಯನ್ನು ಮನುಷ್ಯನೇ ಕಡಿದಿದ್ದಾನೆ.

ಅವಳಿ ಶಿಖರಗಳ ಜನ

ಕ್ಲಿನ್ಸೆ-ಝಾ ಎಂಬುದು ಆ ನಾಡಿನ ಡನ್ನೆ-ಝಾ ಜನ ಎರಡು ಅವಳಿ ಶಿಖರಗಳಿಗೆ ಇಟ್ಟ ಹೆಸರು. ಅವರಿಗೆ ಅದು ಪವಿತ್ರ ಬೆಟ್ಟ. ಬೆಟ್ಟದ ಸುತ್ತಲಿನ ನೆಲ ವೆಸ್ಟ್ ಮೊಬರ್ಲಿ ಮತ್ತು ಸೋಟೋ ಎಂಬ ಎರಡು ಮೂಲನಿವಾಸಿ ಸಮುದಾಯಗಳ ಬೇಟೆಯ ಸೀಮೆ. ಮುಖಂಡನೊಬ್ಬನಿಗೆ ಕಾಣಿಸಿದ ಎರಡು ಶಿಖರಗಳನ್ನು ಅರಸುತ್ತ ತಮ್ಮ ಪೂರ್ವಿಕರು ಪೂರ್ವದ ಬಯಲಿನಿಂದ ಇಲ್ಲಿಗೆ ನಡೆದು ಬಂದರೆಂದು ಸೋಟೋ ಜನ ಹೇಳಿಕೊಳ್ಳುತ್ತಾರೆ. ಕ್ಯಾರಿಬೂವಿನ ಮಾಂಸ ಅವರಿಗೆ ಊಟ, ತೊಗಲು ಬಟ್ಟೆ, ಮೂಳೆ ಮತ್ತು ಕೊಂಬು ಹತ್ಯಾರು. ಮೂಸ್ ಸಿಗದ ವರ್ಷಗಳಲ್ಲಿ ಕ್ಯಾರಿಬೂವೇ ಜೀವ ಉಳಿಸುತ್ತಿತ್ತು.

1899ರಲ್ಲಿ ಬ್ರಿಟಿಷ್ ರಾಣಿಯ ಹೆಸರಿನಲ್ಲಿ ಉತ್ತರದ ಜನರೊಂದಿಗೆ ‘ಎಂಟನೆಯ ಒಪ್ಪಂದ’ ಆಯಿತು. ವೆಸ್ಟ್ ಮೊಬರ್ಲಿಯವರ ಹಿರಿಯರು ಅದಕ್ಕೆ ಸೇರಿದ್ದು 1914ರಲ್ಲಿ. ಒಪ್ಪಂದಕ್ಕೆ ಸಹಿ ಹಾಕಿದ ಮೇಲೂ, ಹಾಕದಿದ್ದರೆ ಹೇಗೋ ಹಾಗೆಯೇ ಬೇಟೆಯಾಡಿ ಮೀನು ಹಿಡಿದು ಬಾಳಬಹುದೆಂದು ಸರ್ಕಾರದ ಆಯುಕ್ತರು ಅಂದು ಭರವಸೆ ಕೊಟ್ಟಿದ್ದರು. ಈ ಮಾತಿಗೆ ನೂರು ವರ್ಷಗಳ ನಂತರ ಬೆಲೆ ಬಂತು.

ಅದಕ್ಕೆ ಮೊದಲು ಬಂದದ್ದು ಅಣೆಕಟ್ಟು. ಪೀಸ್ ನದಿಗೆ ಅಡ್ಡಲಾಗಿ 1968ರಲ್ಲಿ ಡಬ್ಲ್ಯು.ಎ.ಸಿ. ಬೆನೆಟ್ ಅಣೆಕಟ್ಟು ಪೂರ್ತಿಯಾಯಿತು. ಹಿಂದೆ ನಿಂತ ವಿಲಿಸ್ಟನ್ ಜಲಾಶಯದ ವಿಸ್ತಾರ 1,700 ಚದರ ಕಿಲೋಮೀಟರಿಗೂ ಹೆಚ್ಚು. ಕ್ಯಾರಿಬೂ ಹಿಂಡುಗಳು ಕಣಿವೆ ದಾಟಿ ಈಚೆ ಬೆಟ್ಟದಿಂದ ಆಚೆ ಬೆಟ್ಟಕ್ಕೆ ಹೋಗುತ್ತಿದ್ದ ದಾರಿ ಆ ನೀರಿನಡಿ ಮುಳುಗಿತು. ಒಂದಾಗಿದ್ದ ಹಿಂಡುಗಳು ತುಂಡಾದವು. ಕ್ಯಾರಿಬೂ ಕಡಿಮೆಯಾಗುತ್ತಿರುವುದನ್ನು ಮೊದಲು ಗಮನಿಸಿದವರು ಹಿರಿಯ ಬೇಟೆಗಾರರು. 1970ರ ದಶಕದಲ್ಲೇ ಅವರು ಯಾರ ಆಜ್ಞೆಗೂ ಕಾಯದೆ ಕ್ಯಾರಿಬೂ ಬೇಟೆಯನ್ನು ಕೈಬಿಟ್ಟರು. ತಿನ್ನುವವರು ನಿಲ್ಲಿಸಿದರು, ಕಾಡು ಕಡಿಯುವವರು ನಿಲ್ಲಿಸಲಿಲ್ಲ.

ಮುಂದಿನ ಸರದಿ ಕಲ್ಲಿದ್ದಲಿನದು. ಕ್ಲಿನ್ಸೆ-ಝಾದ ನೆರೆಯ ಬರ್ನ್ಟ್ ಪೈನ್ ಹಿಂಡಿನಲ್ಲಿ 11 ಪ್ರಾಣಿಗಳಷ್ಟೇ ಉಳಿದಿದ್ದವೆಂದು ಅಂದಾಜಿದ್ದಾಗ, ಅದರ ನೆಲೆಯಲ್ಲೇ ಗಣಿ ಪರೀಕ್ಷೆಗೆ ಪ್ರಾಂತ್ಯ ಸರ್ಕಾರ ಅನುಮತಿ ಕೊಟ್ಟಿತು. ವೆಸ್ಟ್ ಮೊಬರ್ಲಿಯವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಆಗ ಸಮುದಾಯದ ಮುಖ್ಯಸ್ಥರಾಗಿದ್ದವರು ರೋಲಂಡ್ ವಿಲ್ಸನ್. ಪ್ರಾಣಿಯೇ ಇಲ್ಲದ ಮೇಲೆ ಬೇಟೆಯ ಹಕ್ಕಿಗೆ ಏನರ್ಥ ಎಂಬುದೇ ಅವರ ವಾದದ ಸಾರ. 2010ರಲ್ಲಿ ತೀರ್ಪು ಅವರ ಕಡೆಗಾಯಿತು. 2011ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಮುಖ್ಯ ಅಂಶದಲ್ಲಿ ಅದನ್ನು ಎತ್ತಿಹಿಡಿದು, ಸರ್ಕಾರ ಆ ಜನರೊಂದಿಗೆ ನಡೆಸಿದ ಸಮಾಲೋಚನೆ ಸಾಲದೆಂದು ಹೇಳಿತು.

ಮೊಕದ್ದಮೆ ಗೆದ್ದರು. ಆದರೆ ಹಿಂಡು ಉಳಿಯಲಿಲ್ಲ. ಬರ್ನ್ಟ್ ಪೈನ್ ಬೆಟ್ಟಗಳಲ್ಲಿ ಕ್ಯಾರಿಬೂ ಇಲ್ಲವಾಯಿತು. ಕಾನೂನಿನ ನಡಿಗೆಗಿಂತ ಅಳಿವಿನ ನಡಿಗೆ ಚುರುಕು ಎಂಬುದು ಎರಡೂ ಸಮುದಾಯಗಳಿಗೆ ಆಗ ಮನವರಿಕೆಯಾಯಿತು. 1990ರ ದಶಕದಲ್ಲಿ ಸುಮಾರು 250 ಇದ್ದ ಕ್ಲಿನ್ಸೆ-ಝಾ ಹಿಂಡು 2013ರಲ್ಲಿ 38ಕ್ಕೆ ಬಂದು ನಿಂತಿತ್ತು. ಇನ್ನು ಕಾಯುತ್ತ ಕೂರುವಂತಿರಲಿಲ್ಲ.

ಬೇಲಿಯೊಳಗಿನ ತವರು

2014ರಲ್ಲಿ ಬಾಣಂತನ ಶುರುವಾಯಿತು. ಚಳಿಗಾಲದ ಕೊನೆಗೆ, ಬೆಟ್ಟದಲ್ಲಿ ಇನ್ನೂ ಹಿಮವಿರುವಾಗಲೇ, ಹೆಲಿಕಾಪ್ಟರಿನಿಂದ ಬಲೆ ಬೀಸಿ ಹೆಣ್ಣು ಕ್ಯಾರಿಬೂಗಳನ್ನು ಹಿಡಿಯುತ್ತಾರೆ. ಗಾಬರಿಯಾಗದಂತೆ ಕಣ್ಣಿಗೆ ಬಟ್ಟೆ ಕಟ್ಟಿ, ಮಂಪರಿನ ಮದ್ದು ಕೊಟ್ಟು, ಬೆಟ್ಟದ ಮೇಲೆಯೇ ಕಟ್ಟಿದ ದೊಡ್ಡ ಆವರಣಕ್ಕೆ ತಂದು ಬಿಡುತ್ತಾರೆ. ವರ್ಷಕ್ಕೆ ಸುಮಾರು ಹತ್ತು ಹದಿನೈದು ಹೆಣ್ಣುಗಳು. ಆವರಣದ ಗೋಡೆ ಎಂದರೆ ಮರದಿಂದ ಮರಕ್ಕೆ ಎತ್ತರವಾಗಿ ಬಿಗಿದ ಕಪ್ಪು ದಪ್ಪ ಬಟ್ಟೆ. ಒಳಗಿನದಕ್ಕೆ ಹೊರಗಿನದು ಕಾಣದು, ಹೊರಗಿನದಕ್ಕೆ ಒಳಗಿನದು ಕಾಣದು. ಅದರ ಸುತ್ತ ತೋಳ, ಕರಡಿ ಸುಳಿಯದಂತೆ ವಿದ್ಯುತ್ ತಂತಿ.

ಹಗಲು ರಾತ್ರಿ ಕಾವಲು ಕಾಯುವವರು ಈ ಸಮುದಾಯಗಳ ಜನರೇ. ಬೆಟ್ಟದ ಮೇಲೆ ಬಿಡಾರ ಹೂಡಿಕೊಂಡು, ಮೇವು ಹಾಕುತ್ತ, ಯಾವ ಹೆಣ್ಣು ತಿನ್ನುತ್ತಿಲ್ಲ, ಯಾವುದು ಈಯುವ ಹಾಗಿದೆ ಎಂದು ನೋಡಿಕೊಳ್ಳುತ್ತಾರೆ. ಕಾಡುಪ್ರಾಣಿ ಒಮ್ಮೆಲೇ ಹಿಂಡಿ-ಬೂಸ ತಿನ್ನುವುದಿಲ್ಲವಲ್ಲ. ಅದಕ್ಕೆ ಪರಿಚಯವಿರುವ ಕಲ್ಲುಹೂವನ್ನೇ ಮೊದಲು ಕೊಡಬೇಕು. ಊರಿನ ಮುದುಕರು, ಮಕ್ಕಳು ಎಲ್ಲರೂ ಕಾಡಿಗೆ ಹೋಗಿ ಚೀಲ ಚೀಲವಾಗಿ ಅದನ್ನು ಕೈಯಿಂದಲೇ ಆಯ್ದು ತರುತ್ತಾರೆ. ಆಮೇಲೆ ಸ್ವಲ್ಪ ಸ್ವಲ್ಪವಾಗಿ ತಯಾರಿ ಮೇವಿನ ಅಭ್ಯಾಸ ಮಾಡಿಸುತ್ತಾರೆ.

ಮೇ ಕೊನೆ, ಜೂನ್ ಮೊದಲಿಗೆ ಮರಿಗಳು ಹುಟ್ಟುತ್ತವೆ. ಹುಟ್ಟಿದ ಕೆಲ ಹೊತ್ತಿಗೇ ಕಾಲೂರಿ ನಿಲ್ಲುತ್ತವೆ. ಬೇಸಿಗೆಯ ನಡುವೆ, ಮರಿ ತಾಯಿಯ ಸಮಕ್ಕೆ ಓಡುವಷ್ಟಾದಾಗ, ಬಟ್ಟೆಯ ಗೋಡೆಯ ಒಂದು ಭಾಗವನ್ನು ತೆರೆದು ಬಿಡುತ್ತಾರೆ. ಕ್ಯಾರಿಬೂಗಳು ಬಂದಷ್ಟೇ ಸದ್ದಿಲ್ಲದೆ ಬೆಟ್ಟವೇರಿ ಹೋಗುತ್ತವೆ. ನಮ್ಮಲ್ಲಿ ಹೆಣ್ಣುಮಕ್ಕಳು ತವರಿಗೆ ಬಂದು, ಬಾಣಂತನ ಮುಗಿಸಿಕೊಂಡು, ಮಗುವನ್ನೆತ್ತಿಕೊಂಡು ಹೊರಡುವಂತೆಯೇ ಇದು.

ತೋಳದ ಪ್ರಶ್ನೆ

ಬಾಣಂತನವೊಂದೇ ಹಿಂಡನ್ನು ಉಳಿಸಿತೆಂದರೆ ಸತ್ಯದ ಒಂದು ಭಾಗವನ್ನು ಮುಚ್ಚಿಟ್ಟಂತಾದೀತು. ಅದೇ ಸೀಮೆಯಲ್ಲಿ ತೋಳಗಳನ್ನು ಕೊಲ್ಲಲಾಯಿತು. ಪ್ರಾಂತ್ಯ ಸರ್ಕಾರ 2015ರಿಂದ ಹೆಲಿಕಾಪ್ಟರಿನಿಂದ ಗುಂಡಿಟ್ಟು ತೋಳಗಳನ್ನು ಕಡಿಮೆ ಮಾಡಿತು. ಒಂದು ಪ್ರಾಣಿಯನ್ನು ಉಳಿಸಲು ಇನ್ನೊಂದನ್ನು ಕೊಲ್ಲುವುದು ಸರಿಯೇ? ಮನುಷ್ಯ ಮಾಡಿದ ತಪ್ಪಿಗೆ ತೋಳ ಏಕೆ ಸಾಯಬೇಕು? ಈ ಪ್ರಶ್ನೆಗಳನ್ನು ಎತ್ತಿ ಪ್ರಾಣಿದಯೆಯ ಸಂಘಗಳು ಪ್ರತಿಭಟಿಸಿವೆ. ಕೆಲವು ವಿಜ್ಞಾನಿಗಳೂ ಆಕ್ಷೇಪ ಎತ್ತಿದ್ದಾರೆ.

ಮೂಲನಿವಾಸಿಗಳಿಗೂ ತೋಳ ಹಗೆಯಲ್ಲ. ಆದರೆ 38ಕ್ಕೆ ಇಳಿದ ಹಿಂಡಿನ ಮುಂದೆ ಬೇರೆ ಆಯ್ಕೆ ಕಾಣಲಿಲ್ಲವೆಂಬುದು ಅವರ ನಿಲುವು. 2022ರಲ್ಲಿ ಕ್ಲೇಟನ್ ಲ್ಯಾಂಬ್ ಮತ್ತು ಸಂಗಡಿಗರು ‘ಎಕಲಾಜಿಕಲ್ ಅಪ್ಲಿಕೇಷನ್ಸ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಈ ಪ್ರಯತ್ನದ ಫಲವನ್ನು ವಿವರಿಸಿದರು. ಲೇಖಕರ ಸಾಲಿನಲ್ಲಿ ವಿಲ್ಸನ್ ಅವರ ಹೆಸರೂ ಇದೆ. 2013ರಲ್ಲಿ 38 ಇದ್ದ ಹಿಂಡು 2021ರಲ್ಲಿ 101 ಆದದ್ದು ಬಾಣಂತನ ಮತ್ತು ತೋಳ ನಿಯಂತ್ರಣ ಎರಡೂ ಜೊತೆಗೂಡಿದ್ದರಿಂದ ಎಂದು ಅವರು ತೋರಿಸಿದರು. ಜೊತೆಗೆ ಒಂದು ಎಚ್ಚರಿಕೆಯೂ ಇತ್ತು. ಇವೆರಡೂ ತುರ್ತು ಚಿಕಿತ್ಸೆ. ಕಾಡು ಮೊದಲಿನಂತಾಗದಿದ್ದರೆ ಹೆಲಿಕಾಪ್ಟರು, ಬಂದೂಕು, ಬೇಲಿ ಯಾವುದನ್ನೂ ಎಂದೂ ನಿಲ್ಲಿಸುವಂತಿಲ್ಲ.

ಎಷ್ಟು ಕಾಡು ಬೇಕು? ಕೆನಡಾ ಸರ್ಕಾರ 2012ರಲ್ಲಿ ಉತ್ತರದ ತಗ್ಗುಕಾಡಿನ ಕ್ಯಾರಿಬೂಗಳಿಗಾಗಿ ಹಾಕಿಕೊಂಡ ಯೋಜನೆಯಲ್ಲಿ ಒಂದು ಲೆಕ್ಕವಿದೆ. ಹಿಂಡಿನ ನೆಲೆಯಲ್ಲಿ ನೂರಕ್ಕೆ 65 ಪಾಲು ಕದಡದೆ ಉಳಿದಿರಬೇಕು. ಅಷ್ಟಿದ್ದರೂ ಹಿಂಡು ತನ್ನ ಕಾಲ ಮೇಲೆ ನಿಲ್ಲುವ ಸಾಧ್ಯತೆ ನೂರಕ್ಕೆ 60 ಮಾತ್ರ. ಅಂದರೆ ಅದು ಕನಿಷ್ಠ ಮಟ್ಟ, ಪೂರ್ಣ ಭರವಸೆಯಲ್ಲ.

ನೆಲಕ್ಕಾಗಿ ಒಪ್ಪಂದ

2020ರ ಫೆಬ್ರವರಿಯಲ್ಲಿ ಕೆನಡಾ ಸರ್ಕಾರ, ಬ್ರಿಟಿಷ್ ಕೊಲಂಬಿಯಾ ಸರ್ಕಾರ, ವೆಸ್ಟ್ ಮೊಬರ್ಲಿ ಮತ್ತು ಸೋಟೋ ಈ ನಾಲ್ವರೂ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. 7,900 ಚದರ ಕಿಲೋಮೀಟರಿಗೂ ಹೆಚ್ಚು ನೆಲವನ್ನು ಕ್ಯಾರಿಬೂಗಾಗಿ ಕಾಪಾಡುವ ಮಾತು ಅದರಲ್ಲಿದೆ. ಹೋಲಿಕೆಗೆ ಹೇಳುವುದಾದರೆ ನಮ್ಮ ಇಡೀ ಮೈಸೂರು ಜಿಲ್ಲೆಗಿಂತ ದೊಡ್ಡ ಪ್ರದೇಶ. 2024ರಲ್ಲಿ ಕ್ಲಿನ್ಸೆ-ಝಾ ಉದ್ಯಾನವನ್ನು ಸುಮಾರು 2 ಲಕ್ಷ ಹೆಕ್ಟೇರಿಗೆ ವಿಸ್ತರಿಸಲಾಯಿತು. ಅದಕ್ಕೆ ಮೊದಲು ಅದು ಮೂರು ಸಾವಿರ ಹೆಕ್ಟೇರೂ ಇರಲಿಲ್ಲ.

ಇದು ಸುಲಭಕ್ಕೆ ಆದದ್ದಲ್ಲ. ಒಪ್ಪಂದದ ಕರಡು 2019ರಲ್ಲಿ ಹೊರಬಿದ್ದಾಗ ಚೆಟ್ವಿಂಡ್ ಮುಂತಾದ ಸುತ್ತಲಿನ ಊರುಗಳಲ್ಲಿ ಕೋಪ ಭುಗಿಲೆದ್ದಿತು. ಆ ಊರುಗಳ ಒಲೆ ಉರಿಯುವುದು ಮರದ ಕಾರ್ಖಾನೆಯ ಸಂಬಳದಿಂದ. ಕಾಡು ಕಡಿಯುವುದು ನಿಂತರೆ ಸಂಸಾರ ಸಾಗುವುದು ಹೇಗೆ ಎಂಬುದು ಹುಸಿ ಭಯವಾಗಿರಲಿಲ್ಲ. ತಮ್ಮನ್ನು ಕೇಳದೆ ತೀರ್ಮಾನ ಮಾಡಿದರೆಂಬ ನೋವೂ ಇತ್ತು. ಆ ಕೋಪ ಮೂಲನಿವಾಸಿಗಳ ಮೇಲೆ ಹೊಲಸು ಮಾತಾಗಿಯೂ ಹರಿಯಿತು. ಕ್ಯಾರಿಬೂವನ್ನು ಕೊಂದವರು ಈ ಕೂಲಿಕಾರರೂ ಅಲ್ಲ, ಆ ಬೇಟೆಗಾರರೂ ಅಲ್ಲ. ಆದರೂ ಹಲವು ದಶಕಗಳ ಸಾಲವನ್ನು ತೀರಿಸುವ ಹೊತ್ತು ಬಂದಾಗ ಎದುರುಬದುರು ನಿಂತವರು ಇವರೇ.

ಹಿಂಡು ನೂರು ದಾಟಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲವೆನ್ನುತ್ತಾರೆ ಈ ಎರಡು ಸಮುದಾಯಗಳವರು. ಹೆಲಿಕಾಪ್ಟರಿನಿಂದ ಎಣಿಸಿ ವರದಿ ಬರೆಯುವಷ್ಟು ಕ್ಯಾರಿಬೂ ಇದ್ದರೆ ಅವರಿಗೆ ಸಾಲದು. ಹಿಂಡಿಗೆ ಧಕ್ಕೆಯಾಗದಂತೆ ಒಪ್ಪಂದದ ಮಾತಿನ ಪ್ರಕಾರ ಬೇಟೆಯಾಡಿ, ಮಾಂಸ ಹಂಚಿಕೊಂಡು, ತೊಗಲು ಹದಮಾಡುವುದನ್ನು ಮೊಮ್ಮಕ್ಕಳಿಗೆ ಕಲಿಸುವಷ್ಟು ಇರಬೇಕು. ಬೇಟೆ ನಿಂತರೆ ನಿಲ್ಲುವುದು ಊಟವೊಂದೇ ಅಲ್ಲ. ಬೆಟ್ಟದ ದಾರಿಗಳ ಹೆಸರು, ಋತುವಿನ ಲೆಕ್ಕ, ಕ್ಯಾರಿಬೂ ಕುರಿತ ಮಾತುಕತೆ ಎಲ್ಲವೂ ಅದರೊಂದಿಗೆ ಮರೆಯಾಗುತ್ತವೆ. ಕಾಡಿಗೆ ಹೋಗಿ ಕಲ್ಲುಹೂವು ಆಯುವ ಮಕ್ಕಳು ಅದರಲ್ಲಿ ಒಂದಿಷ್ಟನ್ನು ಮರಳಿ ಕಲಿಯುತ್ತಿದ್ದಾರೆ.

ಇಂದು ಗರಗಸ ನಿಂತ ಕಡೆ ಕಲ್ಲುಹೂವು ಮತ್ತೆ ಹಬ್ಬುವ ಹೊತ್ತಿಗೆ ಆ ಮಕ್ಕಳೂ ಮುದುಕರಾಗಿರುತ್ತಾರೆ. ಅಲ್ಲಿಯವರೆಗೆ ಪ್ರತಿ ವಸಂತದಲ್ಲೂ ಬೆಟ್ಟದ ಮೇಲೆ ಯಾರಾದರೂ ಕಾವಲಿರಬೇಕು. ಎಷ್ಟೇ ಅಕ್ಕರೆಯದಾದರೂ ಬಾಣಂತನ ಕೆಲವು ತಿಂಗಳ ಮಾತು. ಅದು ಮುಗಿದ ಮೇಲೆ ತಾಯಿ ಮತ್ತು ಮರಿ ಹೋಗಿ ಸೇರಲು ಒಂದು ಮನೆ ಉಳಿದಿರಬೇಕು.